ಯುದ್ಧ ಯಾರ ತಟ್ಟೆಗೆ ಕೈ ಹಾಕುತ್ತೆ?

ಯುದ್ಧದಲ್ಲಿ ಸಾಯೋರು ಸೈನಿಕರು ಮಾತ್ರ ಅಂದುಕೊಂಡವರು 1943ರ ಬಂಗಾಳವನ್ನು ನೋಡಬೇಕು. 1942ರಲ್ಲಿ ಜಪಾನ್ ಸೇನೆ ಬರ್ಮಾವನ್ನು ಹಿಡಿಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವ ದೋಣಿಗಳನ್ನು ಕಿತ್ತುಕೊಂಡಿತು, ಅಕ್ಕಿಯನ್ನೂ ಸಾಗಿಸಿತು. ದೋಣಿ ಹೋದ ಬೆಸ್ತನ ಕಸುಬೇ ಹೋಯಿತು. ಅಕ್ಕಿಯ ಬೆಲೆ ಹಾರಿತು, ಕೂಲಿ ಅದರ ಹಿಂದೆ ಹಾರಲಿಲ್ಲ.

ಕಲ್ಕತ್ತೆಯಲ್ಲಿ ಯುದ್ಧಕ್ಕೆ ಬೇಕಾದ ಕಾರ್ಖಾನೆಯವರಿಗೆ, ಸರ್ಕಾರಿ ನೌಕರರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಬತ್ತ ಬೆಳೆದ ಭೂಹೀನ ಕೂಲಿಗೆ ಸಿಗಲಿಲ್ಲ. ಅವನ ಹೆಂಡತಿ ಮಕ್ಕಳು ಆ ನಗರದ ಬಾಗಿಲು ಬಾಗಿಲಿಗೆ ಹೋಗಿ ಬೇಡಿದ್ದು ಅನ್ನ ಬಸಿದ ತಿಳಿಯನ್ನು!

15 ಲಕ್ಷ ಜನ ಸತ್ತರೆಂದು 1945ರಲ್ಲಿ ಸರ್ಕಾರಿ ಆಯೋಗವೇ ಹೇಳಿತು. ಆಮೇಲಿನ ಸಂಶೋಧಕರು 30 ಲಕ್ಷದವರೆಗೂ ಎಣಿಸಿದ್ದಾರೆ. ಸತ್ತೋರು ಯಾರು? ಹೆಚ್ಚಾಗಿ ಕೂಲಿಗಳು, ಬೆಸ್ತರು ಎಂದು ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ಇವರ್ಯಾರೂ ಯುದ್ಧ ಸಾರಿದವರಲ್ಲ.

ಗೆಳೆಯರೇ, ವೇದಿಕೆ ಹತ್ತಿ ಯುದ್ಧಕ್ಕೆ ಜೈಕಾರ ಹಾಕೋರನ್ನು ಒಂದೇ ಮಾತು ಕೇಳಿ: ಅಕ್ಕಿ ಕೊಡೋ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ?