ಮೊಂಡತನ ಕುದುರೆಮರಿಯದ್ದಲ್ಲ, ನಮ್ಮದು

ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆ ಕುದುರೆ ಸಾಕುವವರ ಬಾಯಲ್ಲಿ ಒಂದು ಮಾತು ಓಡಾಡುತ್ತದೆ. "ಮರಿ ಇನ್ನಾ ಸಣ್ಣದೈತ್ರಿ, ದೊಡ್ಡೋರ ಭಾರ ತಡಿಯಂಗಿಲ್ಲ. ಅದಕ್ಕ ಹುಡುಗನ್ನ ಹತ್ತಸೇವಿ. ಇಬ್ಬರೂ ಕೂಡೇ ಕಲೀತಾರ." ಕೇಳಲು ಚಂದ. ಆದರೆ ಕುದುರೆ ವಿಷಯದಲ್ಲಿ ಇದಕ್ಕಿಂತ ಅಪಾಯದ ಮಾತು ನಾನು ಕೇಳಿಲ್ಲ.

ಹೊಲದಲ್ಲಿ ಇದೇ ಜನ ಹೀಗೆ ಮಾಡುವುದಿಲ್ಲ. ಹೊಸ ಹೋರಿಯನ್ನು ನೊಗಕ್ಕೆ ಹೂಡುವಾಗ ಪಕ್ಕದಲ್ಲಿ ಪಳಗಿದ ಎತ್ತು ಇರಬೇಕು, ಹಿಂದೆ ಕೈ ಪಳಗಿದ ರೈತ ಇರಬೇಕು. ಎಳೆ ಹೋರಿಯ ಹಗ್ಗವನ್ನು ಎಂಟು ವರ್ಷದ ಮಗನ ಕೈಗೆ ಕೊಟ್ಟು ಬದುವಿನ ಮೇಲೆ ಕೂತು ನಗುವ ಅಪ್ಪ ಯಾರಿದ್ದಾರೆ? ಹೋರಿಗೆ ಇರುವ ಈ ಬುದ್ಧಿ ಕುದುರೆಗೆ ಬಂದಾಗ ಎಲ್ಲಿ ಹೋಗುತ್ತದೆ?

ಭಾರದ ಲೆಕ್ಕ ಸುಳ್ಳಲ್ಲ. ಬೆಳೆದ ಕುದುರೆಗೆ ತನ್ನ ತೂಕದ ಐದನೇ ಒಂದು ಪಾಲು ಹೊರಿಸಬಹುದು ಎಂಬುದು ಸಾಮಾನ್ಯ ಲೆಕ್ಕ. 200 ಕೆಜಿ ತೂಗುವ ತಟ್ಟಿಗೆ 25 ಕೆಜಿ ಹುಡುಗ ದೊಡ್ಡ ಭಾರವೇನಲ್ಲ. ತೊಂದರೆ ಇರುವುದು ಕೈಯಲ್ಲಿ. ಮಗುವಿಗೆ ಇನ್ನೂ ತೂಕ ಹಿಡಿದು ಕೂರಲು ಬಾರದು. ಬೀಳುವ ಹೆದರಿಕೆಗೆ ಲಗಾಮನ್ನೇ ಜಗ್ಗುತ್ತದೆ, ಹಿಮ್ಮಡಿಯಿಂದ ಹೊಟ್ಟೆಗೆ ಒದೆಯುತ್ತದೆ. ಬಾಯಿ "ನಿಲ್ಲು" ಅಂದರೆ ಹೊಟ್ಟೆ "ಓಡು" ಅನ್ನುತ್ತದೆ. ಮರಿ ಯಾರ ಮಾತು ಕೇಳಬೇಕು? ಪಳಗಿದ ಮುದಿ ಕುದುರೆಯಾದರೆ ಸುಮ್ಮನೆ ನಿಂತು ಬಿಡುತ್ತದೆ. ಮರಿ ಜಿಗಿಯುತ್ತದೆ. ಅದಕ್ಕೆ ನಾವಿಡುವ ಹೆಸರು ಮೊಂಡತನ.

ಇನ್ನು ಬಾಯಿ. ಕುದುರೆಯ ಮುಂದಿನ ಹಾಲುಹಲ್ಲು ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಜೋಡಿಯಿಂದ ಬೀಳಲು ಶುರುವಾಗಿ, ನಾಲ್ಕೂವರೆ ವರ್ಷದ ಹೊತ್ತಿಗೆ ಮೂಲೆಯ ಜೋಡಿ ಬಿದ್ದು ಮುಗಿಯುತ್ತದೆ. ಒಳಗೆ ದವಡೆ ಹಲ್ಲುಗಳೂ ಇದೇ ಅವಧಿಯಲ್ಲಿ ಬದಲಾಗುತ್ತವೆ. ನಾವು ಕಬ್ಬಿಣದ ಕಡಿವಾಣ ತುರುಕುವುದೂ ಸರಿಯಾಗಿ ಇದೇ ವಯಸ್ಸಿನಲ್ಲಿ. ಒಸಡು ನೋಯುವ ಬಾಯಿಗೆ ಕಬ್ಬಿಣ, ಅದನ್ನು ಜಗ್ಗಲು ಹೆದರಿದ ಮಗು. ತಲೆ ಕೊಡವುತ್ತದೆ ಅಂತ ಆಮೇಲೆ ಬಾರಕೋಲು. ಮನೆಯಲ್ಲಿ ಹಲ್ಲು ಬೀಳುವ ಮಗುವಿಗೆ ನಾವು ಕಬ್ಬು ಜಗಿಯಲು ಕೊಡುವುದಿಲ್ಲ.

ಬಾಯಿ ಒಂದೇ ಅಲ್ಲ. ಕುದುರೆಯ ಕಣ್ಣು ತಲೆಯ ಎರಡೂ ಬದಿಗೆ ಇವೆ. ಸುತ್ತಲೂ ಕಾಣುತ್ತದೆ, ಆದರೆ ನೇರ ಹಿಂದೆ ಮತ್ತು ಮೂಗಿನ ಬುಡಕ್ಕೆ ಕಾಣುವುದಿಲ್ಲ. ಬಾಲದ ಕಡೆಯಿಂದ ಓಡಿ ಬರುವ ಹುಡುಗ ಅದಕ್ಕೆ ಹುಡುಗನಲ್ಲ, ಬೇಟೆಗೆ ಬಂದ ಪ್ರಾಣಿ. ಅದರ ಮೇಲೆ ಪಟಾಕಿ, ಡೊಳ್ಳು, ಡಿಜೆ. ಕಿವಿ ಹಿಂದಕ್ಕೆ ಅಂಟಿದ್ದನ್ನು ಯಾರೂ ನೋಡುವುದಿಲ್ಲ, ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿರುತ್ತಾರೆ. ಕೆಲವರು ಕೆಲಸ ಕೊಡದೆ ಕಟ್ಟಿ ಹಾಕಿ ಜೋಳ, ಕಡಲೆ ಸುರಿಯುತ್ತಾರೆ. ವಾರವಿಡೀ ಕಟ್ಟಿದ್ದ ಮರಿಯನ್ನು ಭಾನುವಾರ ಬಿಚ್ಚಿದರೆ ಅದು ಕುಣಿಯದೆ ಭಜನೆ ಮಾಡುತ್ತದೆಯೇ?

ಮಗುವಿಗೆ ಸವಾರಿ ಕಲಿಸಲೇಬೇಡಿ ಎನ್ನುತ್ತಿಲ್ಲ. ಕುರಿಮಂದೆಯ ಜೊತೆ ತಟ್ಟು ಹೊಡೆದುಕೊಂಡು ಊರೂರು ಸುತ್ತುವ ಕುರುಬರ ಮಕ್ಕಳಿಗೆ ಅದು ಬೇಕಾದ ವಿದ್ಯೆ. ಆದರೆ ಕ್ರಮ ತಿರುಗಿಸಿ. ಮಗು ಮೊದಲು ಕಲಿಯಬೇಕಾದದ್ದು ವಯಸ್ಸಾದ, ಸಾಧು ಕುದುರೆಯ ಮೇಲೆ. ಮರಿಗೆ ಕಲಿಸಬೇಕಾದವರು ದೊಡ್ಡವರು, ಅದೂ ಮೊದಲು ನೆಲದ ಮೇಲೆ ನಿಂತು: ಹಗ್ಗ ಹಿಡಿದರೆ ಜೊತೆಗೆ ನಡೆಯುವುದು, ಅಂದಾಗ ನಿಲ್ಲುವುದು, ಕಾಲೆತ್ತಿ ಕೊಡುವುದು. ಮೂರು ವರ್ಷ ದಾಟುವವರೆಗೆ ಬೆನ್ನಿನ ಮಾತು ಬೇಡ. ಬೆನ್ನುಮೂಳೆ ಪೂರ್ತಿ ಬಲಿಯಲು ಅದರ ಮೇಲೂ ವರ್ಷಗಳು ಬೇಕು. ಮುಂದೆ ಮರಿ ಪಳಗಿದ ಮೇಲೆ ಮಗು ಹತ್ತಿದರೂ ಹಗ್ಗ ದೊಡ್ಡವರ ಕೈಯಲ್ಲೇ ಇರಲಿ, ನಡಿಗೆ ಮಾತ್ರ, ಹತ್ತು ಹದಿನೈದು ನಿಮಿಷ ಸಾಕು. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬೇಡಿ. ಚಪ್ಪಲಿ ಹಾಕಿದ ಕಾಲನ್ನು ರಿಕಾಪಿಗೆ ಕೊಡಬೇಡಿ; ಪಾದ ಒಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದ ಮಗುವನ್ನು ಕುದುರೆ ಎಳೆದುಕೊಂಡೇ ಓಡುತ್ತದೆ. ಮರಿ ಒಂದೇ ಸಮನೆ ಜಗಳ ತೆಗೆದರೆ ಪಶುವೈದ್ಯರಿಗೆ ಹಲ್ಲು, ಬೆನ್ನು ತೋರಿಸಿ.

ಕಾನೂನು ನೋಡಿಕೊಳ್ಳುತ್ತದೆ ಅಂತ ಕೂರುವಂತಿಲ್ಲ. 2019ರ ತಿದ್ದುಪಡಿಯ ನಂತರ ಮಗನ ಕೈಗೆ ಬೈಕ್ ಕೊಟ್ಟ ಅಪ್ಪನಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು. ಕುದುರೆಯನ್ನು ಬಡಿದರೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಎರಡು ಪ್ಲೇಟ್ ಗಿರ್ಮಿಟ್ ಬೆಲೆ. ಮಾತೆತ್ತಿದರೆ ಕಂಬಳದ ತಿದ್ದುಪಡಿ ತೋರಿಸುವವರಿಗೆ ಹೇಳುತ್ತೇನೆ, ಕರ್ನಾಟಕ 2017ರಲ್ಲಿ ತಂದ ಆ ತಿದ್ದುಪಡಿ ಕೋಣ, ಎತ್ತುಗಳ ಓಟಕ್ಕೆ. ಅದರಲ್ಲಿ ಕುದುರೆ ಇಲ್ಲ.

ನಮ್ಮ ಕಸುಬಿನವರಿಗೂ ಒಂದು ಮಾತು. ಮರಿಯ ಬೆನ್ನಿಗೆ ಜೋತುಬಿದ್ದ ಮಗುವಿನ ಫೋಟೊಗೆ "ಪೋರನ ಸಾಹಸ" ಅಂತ ತಲೆಬರಹ ಕೊಡುವುದು ನಿಲ್ಲಲಿ. ಆ ಮಗು ಸಾಹಸ ಮಾಡುತ್ತಿಲ್ಲ, ಇಳಿಯಲು ದಾರಿ ಹುಡುಕುತ್ತಿದೆ.

ಜಾತ್ರೆ ಕಮಿಟಿಯವರೇ, ಈ ಸಲ ಹೆಸರು ಬರೆದುಕೊಳ್ಳುವಾಗ ಕುದುರೆಯ ಬಾಯಿ ತೆರೆದು ಹಲ್ಲು ನೋಡಿ, ಹಾಲುಹಲ್ಲು ಇದ್ದರೆ ವಾಪಸ್ ಕಳಿಸಿ. ಸವಾರನ ವಯಸ್ಸಿಗೆ ಆಧಾರ್ ಕೇಳಿ. ಬಹುಮಾನದ ಫಲಕದಲ್ಲಿ ಹೆಸರು ಹಾಕಿಸಿಕೊಳ್ಳುವ ದಾನಿಗಳು, ಆ ದುಡ್ಡಿನಲ್ಲಿ ಮೊದಲು ನಾಲ್ಕು ಹೆಲ್ಮೆಟ್ ತರಲಿ.