ಜಡನೆಂಬ ಬಿರುದು

“ಸ್ವಲೀನತೆ, ಆಟಿಸಂ ಎಂಬುವೆಲ್ಲ ಇಂದಿನ ವೈದ್ಯರು ಹುಟ್ಟಿಸಿದ ರೋಗಗಳು, ಹಿಂದಿನವರಲ್ಲಿ ಇವು ಇರಲೇ ಇಲ್ಲ” ಎಂಬ ಮಾತು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಬರುತ್ತಿರುವದು. ಇರಲಿಲ್ಲವೆಂದು ಇವರಿಗೆ ಹೇಳಿದವರಾರು?

ಶಹಾಬಜಾರದ ಓಣಿಯಲ್ಲಿ ಐವತ್ತು ದಾಟಿದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಅಂಗಡಿಯ ಖಾತೆ-ಕಿರ್ದಿಯಲ್ಲಿ ಅವನದು ಒಂದು ಕಾಸಿನ ತಪ್ಪೂ ಬಾರದು. ಯಾವ ವರುಷದ ಯುಗಾದಿ ಯಾವ ವಾರ ಬಂದಿತೆಂಬುದನ್ನು ಪಂಚಾಂಗ ನೋಡದೆ ಹೇಳಬಲ್ಲನು. ಆದರೆ ಮದುವೆಮನೆಯ ಬಾಜಾಬಜಂತ್ರಿ ಕೇಳಿದೊಡನೆ ಕಿವಿ ಮುಚ್ಚಿಕೊಂಡು ಹೊರಬೀಳುವನು. ಮುಖ ನೋಡಿ ಮಾತಾಡನು. ಚೇಷ್ಟೆಯ ಮಾತನ್ನು ನಿಜವೆಂದೇ ನಂಬುವನು. ಕೂಡ್ರುವ ಜಾಗ ಬದಲಾದರೆ ಊಟ ಬಿಟ್ಟೇಳುವನು. ಮನೆಯವರು ಇದನ್ನು ಸೊಕ್ಕೆಂದರು, ಓಣಿಯವರು ಹುಚ್ಚೆಂದರು, ಗುರುಗಳು ಛಡಿಯಿಂದ ತಿದ್ದ ಹೊರಟರು. ಅವನಾದರೋ ಎಲ್ಲವೂ ತನ್ನದೇ ತಪ್ಪೆಂದು ಐವತ್ತು ವರುಷ ನಂಬಿ ಬದುಕಿದನು.

ಅಮೇರಿಕೆಯಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳ ಲಕ್ಷಣಗಳನ್ನು ಬರೆದದ್ದು 1943ರಲ್ಲಿ. ಆ ದೇಶದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು 1980ರಲ್ಲಿ. ಈ ಗೃಹಸ್ಥನು ಪಾಟಿ ಹಿಡಿದಾಗ ಅವನ ಸ್ಥಿತಿಗೆ ಹೆಸರು ಹೇಳುವವರು ಇಲ್ಲಿ ಯಾರಿದ್ದರು? ಹೆಸರಿಲ್ಲದ್ದು ಇಲ್ಲದ್ದೆಂದು ವಾದಿಸುವದು ಯಾವ ತರ್ಕ?

ಜಡಭರತನ ಕಥೆಗೆ ತಲೆದೂಗುವವರೂ ಇವರೇ! ಸೋದರರು ಅವನನ್ನು ಮೂಢನೆಂದು ಹೊಲಕ್ಕೆ ಹಚ್ಚಿದರು. ಕಾಲಡಿಯ ಜೀವಿಗಳನ್ನು ತುಳಿಯಲೊಲ್ಲದೆ ನೋಡಿ ಹೆಜ್ಜೆಯಿಟ್ಟಾಗ ಪಲ್ಲಕ್ಕಿ ಓಲಾಡಿತು, ರಹೂಗಣರಾಜನು ಗದರಿಸಿದನು. ಆದರೆ ಕಡೆಗೆ ರಾಜನು ಇಳಿದು ಬಂದು ಕೇಳಿದನು. ಇವರು ಇಳಿಯಲೊಲ್ಲರು. (ಸ್ವಲೀನರೆಲ್ಲ ಜ್ಞಾನಿಗಳೆಂದಲ್ಲ. ಭರತನು ಬೇಕೆಂದೇ ಜಡನಂತಿದ್ದನು. ಈ ಗೃಹಸ್ಥನಿಗೆ ಆ ಸ್ವಾತಂತ್ರ್ಯವಿಲ್ಲ.)

“ಈ ವಯಸ್ಸಿನಲ್ಲಿ ಹೆಸರು ತಿಳಿದು ಫಲವೇನು?” ಎನ್ನುವರು. ಗುಣಪಡಿಸುವ ಔಷಧವಿಲ್ಲ, ನಿಜ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯದೆಯ 21 ವೈಕಲ್ಯಗಳಲ್ಲಿ ಇದೂ ಒಂದು. ನಿದಾನವಿಲ್ಲದೆ ಪ್ರಮಾಣಪತ್ರವಿಲ್ಲ, ಅದಿಲ್ಲದೆ ಆ ಹಕ್ಕು ಕೈಗೆ ಬಾರದು. ಕ್ಯಾನರನ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ತನ್ನ ಊರ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶ ತಿರುಗಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿದನು. ರೋಗ ಬಿಟ್ಟುಹೋಗಿರಲಿಲ್ಲ, ಊರು ಅವನನ್ನು ಅವನಂತೆಯೇ ಇರಗೊಟ್ಟಿತ್ತು.

ಇಲ್ಲಿಯ ಹಿರಿಯರಿಗೆ ತಿಳಿದ ಚಿಕಿತ್ಸೆ ಒಂದೇ: “ಲಗ್ನ ಮಾಡಿದರೆ ಸರಿಹೋದೀತು.” ಕುಂಡಲಿ ನೋಡುವರು, ಮೂವತ್ತಾರು ಗುಣ ಎಣಿಸುವರು, ಹುಡುಗ ಬಹಳ ಸಾಧು, ಹೆಚ್ಚು ಮಾತಿನವನಲ್ಲ ಎಂದು ಬೀಗರಿಗೆ ಹೊಗಳುವರು. ಅವನೊಡನೆ ಬಾಳಬೇಕಾದ ಹೆಣ್ಣುಮಗಳಿಗೆ ಮಾತ್ರ ಅಕ್ಕಿಕಾಳು ಬೀಳುವವರೆಗೂ ಯಾರೂ ಏನೂ ಹೇಳಿರುವದಿಲ್ಲ.