ಕಿಮೋ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆ

2024ರ ಅಕ್ಟೋಬರ್ 4ರಂದು ದೆಹಲಿ ಹೈಕೋರ್ಟ್ ನೀಡಿದ ತೀರ್ಪೊಂದು ದೇಶದ ಗಮನ ಸೆಳೆಯಿತು. ಕ್ಯಾನ್ಸರ್‌ನಿಂದ ತೀರಿಕೊಂಡ ಅವಿವಾಹಿತ ಯುವಕನೊಬ್ಬನ ವೀರ್ಯದ ಮಾದರಿಯನ್ನು ಅವನ ತಂದೆತಾಯಿಗೆ ಒಪ್ಪಿಸುವಂತೆ ನ್ಯಾಯಾಲಯ ಆಸ್ಪತ್ರೆಗೆ ಆದೇಶಿಸಿತು. ಸತ್ತವನ ಹೆಸರಿನಲ್ಲಿ ಮಗು ಪಡೆಯುವುದು ಸರಿಯೇ ಎಂಬ ಚರ್ಚೆ ಸಾಕಷ್ಟು ನಡೆಯಿತು. ಆದರೆ ಕಾಯಿಲೆ ಗೆದ್ದು ಬರುವ ಯುವಕರಿಗೆ ಬೇಕಾದ ಪಾಠ ಆ ಪ್ರಕರಣದ ಆರಂಭದಲ್ಲೇ ಇದೆ.

ಕಿಮೋಥೆರಪಿಯಿಂದ ಸಂತಾನಶಕ್ತಿ ಕುಂದಬಹುದೆಂದು ವೈದ್ಯರು ಆ ಯುವಕನಿಗೆ ಮೊದಲೇ ಹೇಳಿದ್ದರು. ಅದರಂತೆ 2020ರ ಜೂನ್‌ನಲ್ಲಿ ಆತ ವೀರ್ಯವನ್ನು ಶೇಖರಿಸಿಟ್ಟ. ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಮುಂದೆ ಆ ಮಾದರಿ ಯಾರಿಗೆ ಸೇರಬೇಕೆಂಬುದು ತೀರ್ಮಾನವಾಗಲು ನಾಲ್ಕು ವರ್ಷ ಹಿಡಿಯಿತು. ವೀರ್ಯದ ಒಡೆಯನ ಒಪ್ಪಿಗೆ ಇತ್ತೆಂದು ತೋರಿಸಲು ಸಾಧ್ಯವಾದರೆ, ಮರಣಾನಂತರ ಅದನ್ನು ಬಳಸಲು ನಮ್ಮ ಕಾನೂನಿನಲ್ಲಿ ಅಡ್ಡಿಯಿಲ್ಲ ಎಂದು ನ್ಯಾಯಾಲಯ ಹೇಳಿತು.

ವೈದ್ಯಕೀಯವಾಗಿ ಇದು ಹೊಸ ವಿದ್ಯೆಯೇನಲ್ಲ. ಸೈಕ್ಲೋಫಾಸ್ಫಮೈಡ್‌ನಂಥ ಔಷಧಗಳು, ವೃಷಣದ ಭಾಗಕ್ಕೆ ಕೊಡುವ ರೇಡಿಯೇಶನ್ ವೀರ್ಯಾಣು ಉತ್ಪತ್ತಿಯನ್ನು ಕೆಲಕಾಲ ಅಥವಾ ಶಾಶ್ವತವಾಗಿ ನಿಲ್ಲಿಸಬಹುದು. ಯಾರಿಗೆ ಶಕ್ತಿ ಮರಳುತ್ತದೆ, ಯಾರಿಗಿಲ್ಲ ಎಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟ ವೀರ್ಯಾಣು ದಶಕಗಳ ನಂತರವೂ ಉಪಯೋಗಕ್ಕೆ ಬರುತ್ತದೆ. ಒಂದೆರಡು ಮಾದರಿ ಕೊಡಲು ಕೆಲವೇ ದಿನ ಸಾಕು. ಸಂಖ್ಯೆ ಕಡಿಮೆಯಿದ್ದರೂ ಚಿಂತೆಯಿಲ್ಲ; ಒಂದು ಅಂಡಕ್ಕೆ ಒಂದೇ ವೀರ್ಯಾಣುವನ್ನು ಸೇರಿಸುವ ಇಕ್ಸಿ ವಿಧಾನವಿದೆ. ಪ್ರಾಯಕ್ಕೆ ಬಾರದ ಹುಡುಗರಿಗೆ ಮಾತ್ರ ಈ ದಾರಿಯಿಲ್ಲ. ಅವರಿಗಾಗಿ ವೃಷಣದ ಅಂಗಾಂಶ ಕಾದಿಡುವ ಕ್ರಮ ಇನ್ನೂ ಪ್ರಯೋಗದ ಹಂತದಲ್ಲಿದೆ.

ಅಂದರೆ ಕೊರತೆಯಿರುವುದು ತಂತ್ರಜ್ಞಾನದಲ್ಲಲ್ಲ, ಮಾತಿನಲ್ಲಿ. ರೋಗ ಪತ್ತೆಯಾದ ಗಾಬರಿಯಲ್ಲಿ ಮನೆಯವರಿಗೆ ಜೀವವೊಂದೇ ಮುಖ್ಯ. ಪಕ್ಕದಲ್ಲಿ ಅಪ್ಪ ಅಮ್ಮ ಕುಳಿತಿರುವಾಗ ಇಪ್ಪತ್ತರ ಹುಡುಗ ಈ ವಿಷಯ ಎತ್ತುವುದುಂಟೇ? ನಮ್ಮ ಕಾಸರಗೋಡಿನವರು ಚಿಕಿತ್ಸೆಗೆ ಮಂಗಳೂರು, ಮಣಿಪಾಲಕ್ಕೂ ಹೋಗುತ್ತಾರೆ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗುತ್ತಾರೆ. ನಾಚಿಕೆಯ ಮಾತನ್ನು ಮನೆಯ ಭಾಷೆಯಲ್ಲಿ ಆಡುವುದೇ ಕಷ್ಟ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಆಡಬೇಕಾದರೆ ಅದು ಗಂಟಲಲ್ಲೇ ಉಳಿಯುತ್ತದೆ.

ಆದ್ದರಿಂದ ಹಿರಿಯರೇ ಮೊದಲು ಕೇಳಲಿ: "ಡಾಕ್ಟರೇ, ಕಿಮೋಗೆ ಮುಂಚೆ ವೀರ್ಯ ತೆಗೆದಿಡಲು ಸಮಯ ಇದೆಯೇ?" ಆಮೇಲೆ ಹುಡುಗ ಒಬ್ಬನೇ ವೈದ್ಯರೊಡನೆ ಮಾತಾಡಲು ಅವಕಾಶ ಕೊಡಲಿ. ಬೇಡವೆನ್ನುವ ಹಕ್ಕೂ ಅವನದೇ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಂತೆ ಬ್ಯಾಂಕು ನೋಂದಾಯಿತವಾಗಿರಬೇಕು, ಲಿಖಿತ ಒಪ್ಪಿಗೆಯೂ ಬೇಕು. ಎಷ್ಟು ವರ್ಷ ಇಡುತ್ತಾರೆ, ಶುಲ್ಕವೆಷ್ಟು, ತಾನಿಲ್ಲದಿದ್ದರೆ ಮಾದರಿ ಏನಾಗಬೇಕು ಎಂಬುದನ್ನು ಸಹಿಗೆ ಮೊದಲು ಕನ್ನಡದಲ್ಲಿ ಓದಿಸಿ ಕೇಳಿ ಬರೆಸಿಕೊಳ್ಳಲಿ.

ದೆಹಲಿಯ ಆ ತಂದೆತಾಯಿ ನಾಲ್ಕು ವರ್ಷ ಅಲೆದದ್ದು ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಿಯೇ.